ಉಜ್ಜಿದ ಕಾರ್ಡಿನ ಫೋಟೋ

ಚನ್ನಪಟ್ಟಣದ ಬೊಂಬೆಯವರಿಗೆ ಫೋಟೋ ಕಳಿಸುವುದೆಂದರೆ ನೀರು ಕುಡಿದಷ್ಟು ಸುಲಭ. ಅರಗಿನ ಬಣ್ಣ ಹಚ್ಚಿದ ಕೂಡಲೇ ಫೋಟೋ ಹೋಗುತ್ತದೆ, ವ್ಯಾಪಾರಿ ಒಪ್ಪಿದ ಮೇಲೆ ಮಾಲು. ಗಂಗಲಕ್ಷ್ಮಮ್ಮನ ಮನೆಯಲ್ಲಿ ಬೊಂಬೆ ಕಡೆಯುವ ಲೇತ್ ಓಡುವುದೇ ಬೆಂಗಳೂರಿನ ವ್ಯಾಪಾರಿ ಅಶೋಕ್ ಕೊಡುವ ಆರ್ಡರಿನಿಂದ.

ಮೊನ್ನೆ ಹೊಸ ನಂಬರಿನಿಂದ ವಾಟ್ಸಾಪ್ ಬಂತು. ಮೇಲಿನ ಪುಟ್ಟ ಫೋಟೋದಲ್ಲಿ ಅಶೋಕರದೇ ಮುಖ. 'ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ. ನಮ್ಮ ಅಂಗಡಿಯ ಕೆಲಸಗಾರರಿಗೆ ಬಹುಮಾನ ಕೊಡಬೇಕು. ಎರಡು ಗಿಫ್ಟ್ ಕಾರ್ಡ್ ತಂದು, ಹಿಂಬದಿಯ ಪಟ್ಟಿ ಉಜ್ಜಿ, ನಂಬರಿನ ಫೋಟೋ ಕಳಿಸಿ. ಬಿಲ್ಲಿಗೆ ಸೇರಿಸಿ ಕೊಡುತ್ತೇನೆ.'

ಅರಗಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಗಂಗಲಕ್ಷ್ಮಮ್ಮ ಕಾರ್ಡ್ ತಂದರು. ಒಂದರ ಫೋಟೋ ಹೋಯಿತು. ಇನ್ನೊಂದನ್ನು ಉಜ್ಜಲು ನಾಣ್ಯ ಹುಡುಕುತ್ತಿದ್ದಾಗ ಪಕ್ಕದ ಮನೆಯ ಶಬ್ನಮ್ ಬಂದಳು. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಕೆಲಸ ಅವಳದು; ಇಂಥ ಕಾರ್ಡ್ ದಿನಾ ಮಾರುತ್ತಾಳೆ.

"ಅಕ್ಕ, ಒಸಿ ತಡೀರಿ. ಯಾರಿಗೆ ಕಳಿಸ್ತಿದ್ದೀರಾ?"

"ಅಶೋಕ್ ಸಾರ್‌ಗೆ ಕಣವ್ವ. ಫೋಟೋ ತಾನೇ? ಕಾರ್ಡು ನನ್ ಕೈಲೇ ಐತಲ್ಲ."

"ಬೊಂಬೆ ಫೋಟೋ ಕಳಿಸಿದ್ರೆ ಬೊಂಬೆ ನಿಮ್ಮತ್ರನೇ ಇರ್ತದೆ. ಇದ್ರಲ್ಲಿ ಆ ನಂಬರೇ ದುಡ್ಡು ಅಕ್ಕ. ನೋಡ್ದೋನು ಕೂತಲ್ಲೇ ಖರ್ಚು ಮಾಡ್ಕೋತಾನೆ. ನಿಮಗೆ ಉಳಿಯೋದು ಬರೀ ಪ್ಲಾಸ್ಟಿಕ್ಕು."

"ಸುಮ್ನಿರವ್ವ, ಅವರ ಮುಖನೇ ಐತೆ. ತಡ ಮಾಡಿ ಆರ್ಡರ್ ಬ್ಯಾರೆಯವ್ರಿಗೆ ಕೊಟ್ಬುಟ್ರೆ?"

"ಮುಖ ಯಾರು ಬೇಕಾದ್ರೂ ಹಾಕೋಬೋದು. ಸಾರ್‌ದು ಹಳೇ ನಂಬರ್ ಐತಲ್ಲ, ಅದಕ್ಕೆ ಮಾಡಿ."

ಲೇತ್ ನಿಲ್ಲಿಸಿದ ಗಂಡ ದೊಡ್ಡಮುನಿಯಪ್ಪ, "ಮಾಡ್ಬ್ಯಾಡಿ ಅಂತ ಬರದವ್ರೆ, ಕ್ವಾಪ ಮಾಡ್ಕೊಂಡ್ರೆ?" ಎಂದರು. ಶಬ್ನಮ್ ಬಿಡಲಿಲ್ಲ. ಗಂಗಲಕ್ಷ್ಮಮ್ಮ ಹೆದರುತ್ತಲೇ ಹಳೇ ನಂಬರಿಗೆ ಫೋನ್ ಮಾಡಿದರು.

"ಯಾವ ಕಾರ್ಡಮ್ಮ? ನಾನು ಅಂಗಡೀಲೇ ಇದ್ದೀನಿ, ಮೀಟಿಂಗೂ ಇಲ್ಲ, ಏನೂ ಇಲ್ಲ" ಎಂದರು ಅಶೋಕ್.

ಗಂಗಲಕ್ಷ್ಮಮ್ಮ ಮೊದಲ ಕಾರ್ಡನ್ನು ಶಬ್ನಮ್ ಕೈಗೆ ಕೊಟ್ಟರು. ಅವಳು ಫೋನಿನಲ್ಲಿ ಅದರ ಬಾಕಿ ನೋಡಿದರೆ ಪೂರ್ತಿ ಖಾಲಿ. ಶಬ್ನಮ್ ಆಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ ದೂರು ಕೊಡಿಸಿದಳು.

"ವಾಪಸ್ ಬತ್ತದಾ?"

"ಹೇಳಕ್ಕಾಗಲ್ಲ ಅಕ್ಕ. ಬಿಲ್ಲು, ಕಾರ್ಡು ಎರಡೂ ಜೋಪಾನ ಮಾಡಿ."

ಎರಡನೆಯ ಕಾರ್ಡ್ ಉಳಿಯಿತು, ಆರ್ಡರೂ ಉಳಿಯಿತು. ಅರಗಿನ ದುಡ್ಡಿನಲ್ಲಿ ಅರ್ಧ ಹೋಯಿತು. ದೊಡ್ಡಮುನಿಯಪ್ಪ ತಲೆ ಕೆರೆದುಕೊಂಡು, "ಫೋನ್ ಮಾಡ್ಬ್ಯಾಡಿ ಅಂದಾಗ್ಲೇ ಫೋನ್ ಮಾಡ್ಬೇಕಿತ್ತು ಕಣಮ್ಮಿ" ಎಂದರು.

ಓದುತ್ತಿರುವವರೇ, ಗಿಫ್ಟ್ ಕಾರ್ಡ್ ಇರುವುದು ಉಡುಗೊರೆ ಕೊಡಲಿಕ್ಕೆ. ಬ್ಯಾಂಕಾಗಲಿ ಪೊಲೀಸರಾಗಲಿ ಅದರಲ್ಲಿ ದುಡ್ಡು ಕೇಳುವುದಿಲ್ಲ. ಕೊಳ್ಳುವಾಗಲೇ ಹಿಂಬದಿಯ ಪಟ್ಟಿ ಕೆರೆದಿದ್ದರೆ, ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಆ ಕಾರ್ಡ್ ಮುಟ್ಟಬೇಡಿ. ನಂಬರನ್ನು ಯಾರೋ ಮೊದಲೇ ನೋಡಿಕೊಂಡಿರಬಹುದು. ಮೋಸ ಹೋದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟೇ ಪರಿಚಯದ ಮುಖ ಕೇಳಲಿ, ಮೊದಲು ಅವರ ದನಿ ಕೇಳಿ.