ಜೋಳದ ನೊಣ, ಬೆಲ್ಲದ ನೊಣ

ಆಮ್ರಪಾಲಿ ನಲವತ್ತನೆಯ ಸೀಸೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲೂ ಮೊಟ್ಟೆಗಳಿದ್ದವು, ಒಂದೂ ಒಡೆದಿರಲಿಲ್ಲ.

ಠಾಣಾ ಕುಶನೂರಿನ ಈ ಹುಡುಗಿ ಬೀದರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಅಲ್ಲೇ ಸಂಶೋಧನೆ ಮಾಡುತ್ತಿದ್ದಳು. ಮೂರು ವರ್ಷಗಳ ಹಿಂದೆ ಸಾಯಗಾಂವದ ಪೇರಲ ತೋಟದಿಂದ ಹಣ್ಣುನೊಣಗಳನ್ನು ಹಿಡಿದು ತಂದು ಎರಡು ಪಾಲು ಮಾಡಿದ್ದಳು. ಒಂದಕ್ಕೆ ಜೋಳದ ಗಂಜಿ, ಇನ್ನೊಂದಕ್ಕೆ ಬೆಲ್ಲದ ಪಾಕ. ಎರಡು ವಾರಕ್ಕೊಂದು ತಲೆಮಾರು. ಎಪ್ಪತ್ತು ತಲೆಮಾರು ದೂರ ಬಾಳಿದರೆ ಅವು ಒಂದನ್ನೊಂದು ಕೂಡುವುದನ್ನು ಬಿಡುತ್ತವೆಯೇ ಎಂಬುದು ಅವಳ ಪ್ರಶ್ನೆ. ಫೆಬ್ರವರಿಯಲ್ಲಿ ಜೋಳದ ಹೆಣ್ಣುಗಳು ಹೆಚ್ಚಾಗಿ ಜೋಳದ ಗಂಡುಗಳನ್ನೇ ಆರಿಸಿಕೊಂಡಿದ್ದವು. ಈಗ ಏಪ್ರಿಲ್‌ನಲ್ಲಿ ಅದಕ್ಕಿಂತ ದೊಡ್ಡದು ಕಂಡಿತ್ತು: ಎರಡೂ ಪಾಲು ಕೂಡಿ ಹುಟ್ಟಿದ ಮಿಶ್ರ ಗಂಡುಗಳಿಗೆ ಸಂತಾನವೇ ಇಲ್ಲ.

ಮಾರ್ಗದರ್ಶಕ ವಸಂತ ಸರ್ ಕುರ್ಚಿಯಿಂದ ಎದ್ದೇ ಬಿಟ್ಟರು. "ಒಂದು ಪ್ರಭೇದ ಎರಡಾಗ್ಲಾಕತ್ತದ, ನಮ್ಮ ಕಣ್ಣ ಮುಂದ! ಸಮ್ಮೇಳನಕ್ಕ ಇವತ್ತೇ ಬರದು ಕಳಿಸ್ತೇನಿ."

"ಸರ್, ಲಕ್ಷಗಟ್ಟಲೆ ವರ್ಷ ಹಿಡಿಯೂದು ಮೂರೇ ವರ್ಷದಾಗ ಹ್ಯಾಂಗ ಆಗ್ತದರಿ?"

"ಆಗ್ಯದಲ್ಲ! ಪುರಾವೆ ನಿನ್ನ ಕೈಯಾಗೇ ಅದ."

ಅವಳು ಖುಷಿಪಡಲು ನೋಡಿದಳು, ಆಗಲಿಲ್ಲ. ಸಂಜೆ ತಾಯಿ ಕೌಸಲ್ಯಾಬಾಯಿಗೆ ಫೋನಿನಲ್ಲಿ ಹೇಳಿದಾಗ, "ನಾವು ಜಾತಿ ಬಿಡಲಾಕ ಇಷ್ಟು ಒದ್ದಾಡೇವಿ, ನೀ ನೊಣದಾಗ ಭೀ ಜಾತಿ ಹುಟ್ಟಿಸ್ತಿಯೇನವ್ವ?" ಎಂದು ತಾಯಿ ನಕ್ಕಳು. ಆಮ್ರಪಾಲಿಯೂ ನಕ್ಕಳು. ಆದರೆ ಚಿದ್ರಿಯ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಅರ್ಧಕ್ಕೇ ಬಿಟ್ಟು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದಳು. ಎಲ್ಲೋ ಏನೋ ತಪ್ಪಿದೆ.

ಮರುದಿನ ಮಧ್ಯಾಹ್ನ ಎರಡಕ್ಕೆ ಪಾಠ ಬಿಟ್ಟು ಪ್ರಯೋಗಾಲಯಕ್ಕೆ ಹೋದಳು. ಆ ಹೊತ್ತಿನಲ್ಲಿ ಅವಳೆಂದೂ ಅಲ್ಲಿಗೆ ಬಂದವಳಲ್ಲ. ಉಷ್ಣತೆ ಬರೆದುಕೊಳ್ಳುತ್ತಿದ್ದುದು ಬೆಳಿಗ್ಗೆ ಮತ್ತು ಸಂಜೆ ಮಾತ್ರ. ಕರೆಂಟ್ ಇರಲಿಲ್ಲ. ನೊಣಗಳನ್ನು ತಂಪಾಗಿಡುವ ಪೆಟ್ಟಿಗೆ ಸದ್ದಿಲ್ಲದೆ ನಿಂತಿತ್ತು. ಒಳಗಿನ ಥರ್ಮಾಮೀಟರ್ ಇಪ್ಪತ್ತೈದು ತೋರಿಸಬೇಕಿತ್ತು, ಮೂವತ್ತಮೂರು ತೋರಿಸುತ್ತಿತ್ತು.

ಅಟೆಂಡರ್ ಮಹಮೂದಾ ಬೇಗಂ ಬಂದಾಗ ಕೇಳಿದಳು. "ಆಪಾ, ದಿನಾ ಹಿಂಗೇ ಇರ್ತದೇನ್ರಿ?"

"ಹೌದ್ರಿ ಮೇಡಂ, ಈ ವರ್ಷ ಬ್ಯಾಸಗಿ ಶುರು ಆದಾಗಿಂದ. ಕರೆಂಟ್ ಬಂದರ ಭೀ ಪೆಟ್ಟಿಗಿ ತಾನೇ ಚಾಲೂ ಆಗಲ್ಲ. ನಾಲ್ಕಕ್ಕ ಕಸ ಹೊಡಿಲಾಕ ಬಂದಾಗ ನಾನೇ ಬಟನ್ ಒತ್ತತೇನಿ. ತಪ್ಪಾಯ್ತೇನ್ರಿ?"

"ಇಲ್ಲರಿ. ನೀವು ಒತ್ತಿದ್ದಕ್ಕೇ ಇವು ಜೀವಂತ ಅದಾವ."

ಸೆಕೆಗೆ ಗಂಡು ನೊಣಗಳು ಸಂತಾನಶಕ್ತಿ ಕಳೆದುಕೊಳ್ಳುತ್ತವೆ ಎಂದು ಅವಳು ಓದಿದ್ದಳು. ಶುದ್ಧ ಪಾಲುಗಳನ್ನು ಪರೀಕ್ಷಿಸಿದ್ದು ಚಳಿಯಲ್ಲಿ, ಮಿಶ್ರ ಗಂಡುಗಳನ್ನು ಪರೀಕ್ಷಿಸಿದ್ದು ಈ ಬಿಸಿಲಲ್ಲಿ. ಅಂದೇ ಅದೇ ಪೆಟ್ಟಿಗೆಯ ಜೋಳದ ಗಂಡುಗಳನ್ನು ಜೋಳದ ಹೆಣ್ಣುಗಳ ಜೊತೆ ಬಿಟ್ಟಳು. ನಾಲ್ಕು ದಿನ ಕಳೆದರೂ ಆ ಮೊಟ್ಟೆಗಳೂ ಒಡೆಯಲಿಲ್ಲ.

ಸೆಕೆಯೇ ಕಾರಣವೆಂದು ಖಚಿತವಾಗಲು ಮಿಶ್ರ ಗಂಡುಗಳನ್ನು ತಂಪಿನಲ್ಲಿಟ್ಟು ನೋಡಬೇಕಿತ್ತು. ಎಲ್ಲಿ? ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ತನ್ನ ಹಳೆಯ ಮನೆಯ ಕೆಳಗೆ ಕಲ್ಲಿನ ತಹಖಾನಾ, ಅಂದರೆ ನೆಲಮಾಳಿಗೆ, ಇದೆ ಎಂದಳು ಮಹಮೂದಾ ಬೇಗಂ. "ಉಪ್ಪಿನಕಾಯಿ ಭರಣಿ ಇಡತೇವ್ರಿ. ಬ್ಯಾಸಗಿ ಅಂದ್ರೇನಂತ ಅದಕ್ಕ ಗೊತ್ತೇ ಇಲ್ಲ." ಅಲ್ಲಿ ಥರ್ಮಾಮೀಟರ್ ಇಪ್ಪತ್ತಾರರಲ್ಲಿ ನಿಂತಿತು. ಸೆಕೆಯ ಪರಿಣಾಮ ಇಳಿಯಲೆಂದು ಹನ್ನೆರಡು ದಿನ ಗಂಡುಗಳನ್ನು ಅಲ್ಲಿಟ್ಟು, ಆಮೇಲೆ ಹೆಣ್ಣುಗಳ ಜೊತೆ ಬಿಟ್ಟಳು. ದಿನಕ್ಕೆರಡು ಸಲ ಆ ಕಡಿದಾದ ಮೆಟ್ಟಿಲಿಳಿದು ಹೋಗಿ ನೋಡುವಳು.

ಐದನೆಯ ದಿನ ಗಂಜಿಯೊಳಗೆ ಬಿಳಿ ಮರಿಹುಳುಗಳು ಹೊರಳಾಡುತ್ತಿದ್ದವು. ನಲವತ್ತರಲ್ಲಿ ಮೂವತ್ತೊಂದು ಸೀಸೆಗಳಲ್ಲಿ. ಅವಳಿಗೆ ಅಳು ಬಂತು, ಹಗುರವೂ ಅನಿಸಿತು.

ವಸಂತ ಸರ್ ಎಲ್ಲ ಕೇಳಿ, ಅವಳು ಬರೆದ ಲೆಕ್ಕವನ್ನು ಮತ್ತೊಮ್ಮೆ ಓದಿದರು. "ಮತ್ತ ನೋಡು ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲರಿ ಸರ್. ಸಮಾಧಾನ ಆಗಲಿಲ್ಲ."

ಅವರು ಎದ್ದು ಹೊರಗೆ ಹೋದರು. ಮೂರನೆಯ ದಿನ ಅವಳ ಮೇಜಿನ ಬಳಿ ಬಂದು, ಸಮ್ಮೇಳನಕ್ಕೆ ಕಳಿಸಿದ್ದನ್ನು ಹಿಂದಕ್ಕೆ ಪಡೆದೆನೆಂದರು. "ಜೋಳದ ಹೆಣ್ಣು ಜೋಳದ ಗಂಡನ್ನೇ ಆರಿಸ್ತಾವಲ್ಲ, ಅದಾದ್ರೂ ಖರೆ ಅದನೋ ಇಲ್ಲೋ?"

"ಗೊತ್ತಿಲ್ಲರಿ. ಅದನ್ನ ಭೀ ಮೊದಲಿಂದ ನೋಡಬೇಕು."

"ನೋಡು ಮತ್ತ," ಎಂದರು ಅವರು, ಕುರ್ಚಿ ಎಳೆದುಕೊಳ್ಳುತ್ತ.