ಮೂಳೆ ಒತ್ತಿಸುವ ಮುನ್ನ

ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಅಳು ಮಧ್ಯಾಹ್ನ ಎರಡಾದರೂ ನಿಂತಿರಲಿಲ್ಲ. ಎರಡು ತಿಂಗಳ ಕೂಸು. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು ಮತ್ತೆ ಕಿರುಚುತ್ತಿತ್ತು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಕೂಸಿನ ಅಪ್ಪ ಬಟ್ಟೆ ತರಲು ಪಕ್ಕದ ಊರಿಗೆ ಹೋಗಿದ್ದ. ಅವನ ಹೊಲಿಗೆ ಅಂಗಡಿಯ ಎರಡು ಮಿಷನ್ನುಗಳೂ ಸುಮ್ಮನೆ ನಿಂತಿದ್ದವು.

ಅಜ್ಜಿಯನ್ನು ಬೀದಿಯವರೆಲ್ಲ ಗುಂಡಿ ಅಜ್ಜಿ ಎನ್ನುತ್ತಾರೆ. ಮೊದಲು ಗಂಡನ, ಈಗ ಮಗನ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಅಂಗಿಗಳಿಗೆ ಗುಂಡಿ ಹಾಕುತ್ತಿರುವವಳು. ಮನೆಯಲ್ಲಿ ಅವಳು ಆಡಿದ್ದೇ ಆಟ.

"ಡಾಕ್ಟರ್ ಹತ್ರ ಹೋಗೋಣ ಅತ್ತೆ," ಸೊಸೆ ನಾಲ್ಕನೆಯ ಸಲ ಹೇಳಿದಳು.

"ಸೂಜಿ ಚುಚ್ಚಿಸೋಕಾ? ಹೆರಿಗೆ ಹೊತ್ತಲ್ಲಿ ಕತ್ತು ಉಳುಕಿದೆ, ಅಷ್ಟೆ. ಇಸ್ತ್ರಿಯವಳ ಮೊಮ್ಮಗೂ ಹೀಗೇ ಅಳ್ತಿತ್ತಂತೆ. ಆ ಮೂಳೆ ಒತ್ತೋ ಆಸ್ಟಿಯೋಪತಿಯಮ್ಮ ಎರಡು ಸಲ ಕೈಯಿಟ್ಟಿದ್ದಕ್ಕೇ ಸರಿಹೋಯ್ತಂತೆ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು. ಕತ್ತು ಉಳುಕಿದೆ ಅಂತ ನೋಡಿದೋರು ಯಾರು?"

"ನಾನು ನಾಲ್ಕು ಹೆತ್ತಿದೀನಿ, ನೀನು ಒಂದು!" ಕಡ್ಡಿ ಮುರಿದ ಹಾಗೆ ಹೇಳಿ ಅಜ್ಜಿ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡಳು.

ನಮ್ಮ ಮನೆಗಳಲ್ಲಿ ಕೆಡುವುದೇ ಇಲ್ಲಿ. ಹೆತ್ತವಳಿಗೆ ಅನುಮಾನ ಇರುತ್ತದೆ, ಅವಳ ಮಾತು ನಡೆಯುವುದಿಲ್ಲ. ಸೊಸೆ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ನಡೆದಳು.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಆಸ್ಟಿಯೋಪತಿಯಮ್ಮನ ಕೋಣೆ. ಕೈಯಿಂದ ಮೆಲ್ಲಗೆ ಒತ್ತಿ, ನೀವಿ ಮೂಳೆ ಸ್ನಾಯುಗಳಿಗೆ ಕೊಡುವ ಚಿಕಿತ್ಸೆಗೆ ಆಸ್ಟಿಯೋಪತಿ ಎನ್ನುತ್ತಾರೆ. ಅಜ್ಜಿ ಕೂಸನ್ನು ಮುಂದೆ ಚಾಚಿದರೂ ಆಕೆ ಕೈಯೊಡ್ಡಲಿಲ್ಲ.

"ಡಾಕ್ಟರ್ ನೋಡಿದ್ರಾ?"

"ನೀವೇ ಡಾಕ್ಟರ್ ಅಲ್ವೇನಮ್ಮ?"

"ಅಲ್ಲ ಅಜ್ಜಿ. ಇಷ್ಟು ಚಿಕ್ಕ ಕೂಸು ಐದು ಗಂಟೆ ಅತ್ತಿದೆ ಅಂದ್ರೆ ಮೊದಲು ಡಾಕ್ಟರ್. ನನ್ನ ಹತ್ರ ಬಂದ ಮೇಲೆ ಕೂಸು ಹಗುರಾಯ್ತು ಅನ್ನೋರಿದಾರೆ, ನಿಜ. ಆದ್ರೆ ಅಳುವಿಗೆ ಇದೇ ಮದ್ದು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ."

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಒಂದು ಸಲ ಕತ್ತು ಎಳೆದು ಬಿಡೋಕೆ ಇಷ್ಟು ಪುರಾಣ ಯಾಕೆ?"

"ಕೂಸಿನ ಕತ್ತನ್ನ ಯಾರೂ ಎಳೀಬಾರ್ದು. ಎಳೀತೀನಿ ಅನ್ನೋರಿಗೆ ಕೊಡಲೂಬೇಡಿ." ಆಕೆ ಸೊಸೆಯ ಕಡೆ ತಿರುಗಿದಳು. "ಬಟ್ಟೆ ಎಲ್ಲ ಬಿಚ್ಚಿ ನೋಡಿದೀರಾ? ಕಾಲ್ಬೆರಳ ತನಕ?"

ಯಾರೂ ನೋಡಿರಲಿಲ್ಲ. ಒದ್ದೆ ಬಟ್ಟೆ ಬದಲಿಸಿದ್ದರು, ಅಷ್ಟೆ. ಸೊಸೆ ಅಂಗಿ ಬಿಚ್ಚಿದಳು. ಎಡಗಾಲಿನ ಕಾಲುಚೀಲ ತೆಗೆದಳು. ಬಲಗಾಲಿನದಕ್ಕೆ ಕೈ ಹಾಕಿದ್ದೇ ಕೂಸು ಉಸಿರು ಕಟ್ಟಿ ಕಿರುಚಿತು. ಮೆಲ್ಲಗೆ ಕಳಚಿ ನೋಡಿದರೆ ನಡುವಿನ ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಬಿಳಿ ನೂಲೊಂದು ಬಿಗಿದು ಚರ್ಮದೊಳಗೆ ಹೂತುಹೋಗಿತ್ತು.

ಚೂರುಬಟ್ಟೆಯಲ್ಲಿ ಆ ಕಾಲುಚೀಲ ಹೊಲಿದವಳು ಅಜ್ಜಿಯೇ. ಗಿರಾಕಿಯ ಬಟ್ಟೆಯಾಗಿದ್ದರೆ ಒಳಮೈ ತಿರುಗಿಸಿ ಎಳೆ ಎಳೆಯನ್ನೂ ಕತ್ತರಿಸುತ್ತಿದ್ದಳು. ಮನೆಯದ್ದು ತಾನೇ ಎಂದು ಒಳಗಿನ ನೂಲನ್ನು ಹಾಗೇ ಬಿಟ್ಟಿದ್ದಳು.

"ಕತ್ತರಿ ಕೊಡಿ, ಕತ್ತರಿ!" ಅಜ್ಜಿ ಕೂಗಿದಳು.

"ಬೇಡ! ನೂಲು ಆಳಕ್ಕೆ ಹೋಗಿದೆ, ಅರ್ಧ ಒಳಗೇ ಉಳಿಯುತ್ತೆ. ಆಸ್ಪತ್ರೆಗೆ ನಡೀರಿ. ತಡವಾದ್ರೆ ಬೆರಳೇ ಹೋಗುತ್ತೆ."

ಆಸ್ಟಿಯೋಪತಿಯಮ್ಮನೇ ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಸೊಸೆ ಕೂಸಿನೊಂದಿಗೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ಹೊರಗೆ ಅಜ್ಜಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಒಳಗಿನ ಅಳು ಥಟ್ಟನೆ ನಿಂತಿತು. ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಅವಳು ಗೋಡೆ ಹಿಡಿದುಕೊಂಡಳು.

ಬಾಗಿಲು ತೆರೆಯಿತು. ಕೂಸು ತಾಯಿಯ ಎದೆಗೆ ಕಚ್ಚಿಕೊಂಡು ಹಾಲು ಕುಡಿಯುತ್ತಿತ್ತು.

"ನೂಲು ತೆಗೆದ್ರು, ಬೆರಳು ಉಳೀತು ಅತ್ತೆ."

ಹಿಂದೆಯೇ ಬಂದ ಡಾಕ್ಟರು ಹೇಳಿದರು: "ಕತ್ತು ಒತ್ತಿಸ್ತಾ ಇನ್ನಷ್ಟು ಹೊತ್ತು ಕಳೆದಿದ್ರೆ ಏನೂ ಹೇಳೋಕೆ ಆಗ್ತಿರಲಿಲ್ಲ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಚಿಕೆಯೂ ಇತ್ತು, ದುಃಖವೂ ಇತ್ತು. "ಇನ್ಮೇಲೆ ನಿಂಗೆ ಅನುಮಾನ ಬಂದ್ರೆ ನನ್ನ ಒಪ್ಪಿಗೆ ಕಾಯ್ಬೇಡ ತಾಯಿ. ಕೂಸನ್ನ ಎತ್ಕೊಂಡು ಹೊರಟುಬಿಡು," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಕೂಸಿಗೆ ಅಳು ಬಿಟ್ಟರೆ ಬೇರೆ ಮಾತಿಲ್ಲ. ಅಳು ನಿಲ್ಲದಿದ್ದರೆ ಬಟ್ಟೆ ಬಿಚ್ಚಿ, ಕೈಕಾಲಿನ ಒಂದೊಂದು ಬೆರಳನ್ನೂ ನೋಡಿ. ತಲೆಗೂದಲೂ ಹೀಗೇ ಸುತ್ತಿಕೊಳ್ಳುತ್ತದೆ. ಎಳೆಗೂಸಿಗೆ ಜ್ವರ ಬಂದರೆ, ಅದು ಹಾಲು ಬಿಟ್ಟರೆ, ಹಸಿರು ವಾಂತಿ ಮಾಡಿದರೆ, ಉಸಿರಿಗೆ ಕಷ್ಟಪಟ್ಟರೆ ಆಸ್ಪತ್ರೆಗೆ ಓಡಿ. ಒತ್ತುವ ಚಿಕಿತ್ಸೆ ಕೊಡಿಸಲೇಬೇಕು ಅನಿಸಿದರೆ ಮೊದಲು ಡಾಕ್ಟರನ್ನು ಕೇಳಿ. ಆಮೇಲೆ ಒತ್ತುವವರನ್ನೂ ಕೇಳಿ: ಎಲ್ಲಿ ಕಲಿತಿರಿ, ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ? ಕೇಳಿದ್ದಕ್ಕೆ ಸಿಡುಕುವವರ ಕೈಗೆ ನಿಮ್ಮ ಕೂಸನ್ನು ಕೊಡಬೇಡಿ.