ಎಷ್ಟು ಬಾರಿ ಸಲಹೆ ಕೋರಿದರು

ಸರ್ಕಾರದ ಹೊಸ ಆದೇಶ ಓದಿದಾಗ ನನಗೆ ಆದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ, ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಸೇರಿದ ಶಿಕ್ಷಕರಿಗೆ ಮೊದಲ ವರ್ಷ ದಿನಕ್ಕೆ ಆರರ ಬದಲು ನಾಲ್ಕೇ ಪಿರಿಯಡ್. ಜೊತೆಗೊಬ್ಬ ಅನುಭವಿ ಮಾರ್ಗದರ್ಶಿ. ಮಾರ್ಗದರ್ಶಿಯಾದವರು ಹದಿನೈದು ದಿನಕ್ಕೊಮ್ಮೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಬೇಕು, ತಪ್ಪು ಹುಡುಕಬಾರದು, ಧೈರ್ಯ ತುಂಬಬೇಕು. ಹೀಗೆ ಹನ್ನೊಂದು ಪುಟ. ಇಪ್ಪತ್ತಮೂರು ವರ್ಷದ ಹಿಂದೆ ನಾನು ಸೇರಿದ ದಿನ ಹೆಡ್‌ಮಾಸ್ತರು ಒಂದು ಹಾಜರಿ ಪುಸ್ತಕ, ಒಂದು ಡಬ್ಬಿ ಸೀಮೆಸುಣ್ಣ ಕೈಗಿಟ್ಟು, "ಅಲ್ಲಿ ಗಲಾಟೆ ಕೇಳ್ತಿದೆಯಲ್ಲ, ಅದೇ ನಿಮ್ಮ ಕ್ಲಾಸು" ಎಂದಿದ್ದರು. ನನಗೆ ಸಿಕ್ಕ ತರಬೇತಿ ಅಷ್ಟೇ.

ನಮ್ಮ ಶಾಲೆಗೆ ಬಂದ ಹೊಸ ಗಣಿತದ ಹುಡುಗಿಗೆ ನನ್ನನ್ನೇ ಮಾರ್ಗದರ್ಶಿ ಮಾಡಿದರು. ಅವಳಿಂದ ಕಳೆದ ಎರಡು ಪಿರಿಯಡ್ ಯಾರ ಪಾಲಿಗೆ ಎಂದು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. ಅವೂ ನನ್ನ ತಲೆಗೇ ಬಂದವು. ಸರ್ಕಾರಿ ಯೋಜನೆಯ ಸುಖ ಉಣ್ಣುವವಳಲ್ಲವೇ, ನಾನು ಅವಳಿಗೆ 'ಯೋಜನೆ' ಎಂದು ಅಡ್ಡಹೆಸರಿಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು.

ಮೊದಲ ವಾರವೇ ಯೋಜನೆ ನನ್ನ ಟೇಬಲ್ ಹತ್ತಿರ ಬಂದು ನಿಂತಳು.

"ಮೇಡಂ, ಆರನೇ ತರಗತಿ ಮಕ್ಕಳು ಮಾತೇ ಕೇಳಲ್ಲ. ಏನ್ ಮಾಡ್ಲಿ?"

ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನಮ್ಮ ಕಾಲದಲ್ಲಿ ಕೇಳೋಕೆ ಯಾರೂ ಇರ್ಲಿಲ್ಲಮ್ಮ. ನಾವೇನು ಕಲೀಲಿಲ್ವಾ?"

ಅವಳು ಹೊರಟುಹೋದಳು. ಮತ್ತೆ ಬರಲಿಲ್ಲ.

ಬರದಿದ್ದರೆ ನನಗೇನು ಎಂದುಕೊಂಡೆ. ಆದರೆ ತಿಂಗಳು ಕಳೆಯುವಷ್ಟರಲ್ಲಿ ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ಗೊತ್ತಾಯಿತು. ಮೆಟ್ಟಿಲ ಕೆಳಗಿನ ಡ್ರಿಲ್ ಮಾಸ್ತರ ಕೋಣೆಗೆ. ಗಾಳಿ ಹೋದ ಚೆಂಡು, ಹರಿದ ನೆಟ್, ಒಂದು ಮುರುಕು ಸ್ಟೂಲ್, ಅದರ ಮೇಲೆ ನಮ್ಮ ಯೋಜನೆ. ಪಾಠ ಎಂದರೆ ಸೀಟಿ ಊದುವುದು ಎಂದುಕೊಂಡಿರುವ ಮನುಷ್ಯನ ಹತ್ತಿರ ಇವಳಿಗೆ ಎಂಥ ಸಲಹೆ? ಮೈಯೆಲ್ಲ ಉರಿಯಿತು. ತಡೆಯಲಾರದೆ ಒಂದು ದಿನ ಅವರನ್ನೇ ಕೇಳಿದೆ.

"ಏನಿಲ್ಲ ಮೇಡಂ," ಎಂದರು ಅವರು, ಚೆಂಡಿಗೆ ಗಾಳಿ ಹೊಡೆಯುತ್ತ. "ಆರನೇ ತರಗತಿ ಸುಮ್ನಿರಲ್ಲ ಅಂದ್ಲು. ನನ್ನ ಹತ್ರಾನೂ ಸುಮ್ನಿರಲ್ಲ ಅಂದೆ. ನಕ್ಲು, ಹೋದ್ಲು."

ಮನೆಯಲ್ಲಿ ಇದನ್ನು ಹೇಳಿ ಪಾತ್ರೆ ಕುಕ್ಕುತ್ತಿದ್ದರೆ ನನ್ನ ಗಂಡ ಪೇಪರಿನಿಂದ ಮುಖ ತೆಗೆಯದೆ, "ಡ್ರಿಲ್ ಮಾಸ್ತರ ಮೇಲೆ ನಿಂಗೆ ಸವತಿ ಮತ್ಸರ ಕಣೆ" ಎಂದರು. ಆ ರಾತ್ರಿ ಅವರ ಜೊತೆ ಮಾತು ಬಿಟ್ಟೆ. ಅವರು ಹೇಳಿದ್ದು ನಿಜವಾಗಿತ್ತು.

ಹಿಂದಿನ ಬೆಂಚಿನಲ್ಲಿ ಕೂತಾಗ ಇನ್ನೂ ಕಷ್ಟ. ಒಮ್ಮೆ ಒಬ್ಬ ಹುಡುಗಿ ಎದ್ದು, ಸೊನ್ನೆಯಿಂದ ಯಾಕೆ ಭಾಗಿಸಬಾರದು ಎಂದು ಕೇಳಿದಳು. ಯೋಜನೆ ಸ್ವಲ್ಪ ಯೋಚಿಸಿ, "ನಿಂಗೆ ಅರ್ಥ ಆಗೋ ಹಾಗೆ ಹೇಳೋಕೆ ನಂಗೀಗ ಬರ್ತಿಲ್ಲ. ನಾಳೆ ನೋಡ್ಕೊಂಡ್ ಬಂದು ಹೇಳ್ತೀನಿ" ಎಂದಳು. ಒಬ್ಬರೂ ನಗಲಿಲ್ಲ. ಮಾರನೆಯ ದಿನಕ್ಕೆ ಕಾಯುವವರ ಹಾಗೆ ತಲೆಯಾಡಿಸಿದರು. ಇಪ್ಪತ್ತಮೂರು ವರ್ಷದಲ್ಲಿ ನಾನು ಆ ಮಾತು ಒಂದು ಸಲವೂ ಆಡಿರಲಿಲ್ಲ. ಗೊತ್ತಿಲ್ಲದಾಗಲೆಲ್ಲ ಗದರಿಸಿ ಕೂರಿಸಿದ್ದೆ.

ವರ್ಷದ ಕೊನೆಗೆ ನಮೂನೆ ಬಂತು. ನಡತೆ, ಸಮಯಪಾಲನೆ, ಪಾಠದ ತಯಾರಿ, ಎಲ್ಲಕ್ಕೂ 'ಉತ್ತಮ' ಎಂದು ಬರೆದೆ. ಆರನೇ ಕಾಲಂ: ಹೊಸ ಶಿಕ್ಷಕರು ಮಾರ್ಗದರ್ಶಿಯಲ್ಲಿ ಎಷ್ಟು ಬಾರಿ ಸಲಹೆ ಕೋರಿದರು? ಕೆಳಗೆ ಸಣ್ಣಕ್ಷರದಲ್ಲಿ, ಹತ್ತಕ್ಕಿಂತ ಕಡಿಮೆ ಇದ್ದರೆ ಕಾಯಂ ಮಾಡದೆ ಇನ್ನೊಂದು ವರ್ಷ ಮುಂದುವರಿಸತಕ್ಕದ್ದು ಎಂದಿತ್ತು. ಬೇರೆ ಶಾಲೆಗಳ ಮಾರ್ಗದರ್ಶಿಗಳು ಕಣ್ಣುಮುಚ್ಚಿ ಇಪ್ಪತ್ತು, ಮೂವತ್ತು ಬರೆದು ಕಳಿಸುತ್ತಿದ್ದರಂತೆ. ಅವಳು ಕಾಯಂ ಆದರೆ ಒಂದೇ ಕೋಣೆಯಲ್ಲಿ ನಾಲ್ವರಿರುವ ಹಾಸ್ಟೆಲ್ ಬಿಟ್ಟು ಕ್ವಾರ್ಟರ್ಸಿಗೆ ಹೋಗಬೇಕು ಎಂದು ದಿನ ಎಣಿಸುತ್ತಿದ್ದಾಳೆ ಎನ್ನುವುದೂ ನನಗೆ ಗೊತ್ತಿತ್ತು.

ನಾನು 'ಒಂದು' ಎಂದು ಬರೆದೆ. ಸುಳ್ಳೇನೂ ಬರೆಯಲಿಲ್ಲ ಎಂದು ನನಗೆ ನಾನೇ ಎರಡು ಮೂರು ಸಲ ಹೇಳಿಕೊಂಡೆ.

ರಜೆ ಮುಗಿಯುವಷ್ಟರಲ್ಲಿ ಆದೇಶ ಬಂತು. ಅವಳಿಗೆ ಇನ್ನೊಂದು ವರ್ಷ, ಅದೇ ಮಾರ್ಗದರ್ಶಿಯ ಜೊತೆ. ಅವಳು ನನ್ನ ಹತ್ತಿರ ಜಗಳಕ್ಕೆ ಬರಲಿಲ್ಲ. ಶಾಲೆ ಶುರುವಾದ ದಿನ, ಊಟದ ಗಂಟೆ ಹೊಡೆದ ಕೂಡಲೇ ಗೆರೆ ಎಳೆದ ಹೊಸ ನೋಟ್‌ಬುಕ್ ಹಿಡಿದು ಬಂದಳು. ತಾರೀಖು, ಪ್ರಶ್ನೆ, ಉತ್ತರ, ಸಹಿ.

"ಮೇಡಂ, ಬೋರ್ಡಿನ ಯಾವ ಕಡೆಯಿಂದ ಬರೆಯೋಕೆ ಶುರು ಮಾಡ್ಬೇಕು?"

ನಾನು ಅವಳ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ, ಕೋಪವೂ ಇರಲಿಲ್ಲ. "ಎಡಗಡೆಯಿಂದ" ಎಂದೆ. ಬರೆದುಕೊಂಡು, "ಇಲ್ಲೊಂದು ಸಹಿ" ಎಂದಳು.

ಅಂದಿನಿಂದ ದಿನಕ್ಕೊಂದು ಪ್ರಶ್ನೆ. ಸೀಮೆಸುಣ್ಣ ಎಷ್ಟು ಉದ್ದ ಇರಬೇಕು. ಕಿಟಕಿ ಯಾವಾಗ ತೆರೆಯಬೇಕು. ಈಗ ಅವಳು ಮೆಟ್ಟಿಲ ಕೆಳಗೆ ಹೋಗುವುದಿಲ್ಲ, ನನ್ನ ಹತ್ತಿರವೇ ಬರುತ್ತಾಳೆ. ನಾನು ಬಯಸಿದ್ದು ಅದನ್ನೇ ತಾನೆ?

ನಿನ್ನೆ ನಾನೇ ಕುರ್ಚಿ ಎಳೆದು, "ಕೂತ್ಕೋಮ್ಮ. ಆರನೇ ತರಗತಿ ಹೇಗಿದೆ? ಈ ಸಲಾನೂ ಗಲಾಟೆನಾ? ನಂಗಂತೂ ಮೊದಲ ವರ್ಷ ಅಳು ಬರ್ತಿತ್ತು" ಎಂದೆ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

"ಚೆನ್ನಾಗಿದೆ ಮೇಡಂ," ಎಂದಳು ಅವಳು, ನಿಂತೇ. ನೋಟ್‌ಬುಕ್ ನನ್ನ ಕಡೆ ತಿರುಗಿಸಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. "ಇವತ್ತಿಗೆ ನಲವತ್ತೊಂದು ಆಯ್ತು. ಹತ್ತೇ ಸಾಕು ಅಂತ ಗೊತ್ತು ಮೇಡಂ. ಆದ್ರೂ ನಿಮಗೆ ಕಡಿಮೆ ಅನ್ನಿಸಬಾರ್ದು ಅಂತ."

ನಾನು ಸಹಿ ಹಾಕಿದೆ.